ಖಾಲಿ ಎಂದು ಅಂಟಿಸಿದ ಬಾಗಿಲು

ಆಕೆಯ ಮನೆ ಹೋದದ್ದು ಟ್ರಾಮಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು. ಟ್ರಾಮಿಗೆ ಎಲ್ಲರ ಮನೆಯೂ ಹೋಯಿತು, ಎಲ್ಲರಿಗೂ ಬೇರೆ ಮನೆ ಸಿಕ್ಕಿತು. ಆಕೆಗೊಬ್ಬಳಿಗೆ ಸಿಗಲಿಲ್ಲ. ಅದು ನನ್ನಿಂದ.

ಮೊನ್ನೆ ಸಂಜೆ ಲಿಫ್ಟಿನಲ್ಲಿ ಹದಿನೆಂಟನೇ ಮಹಡಿಗೆ ಹೋಗುವಾಗ ಯಾರದೋ ಮನೆಯಿಂದ ಒಣಮೀನು ಹುರಿದ ವಾಸನೆ ನುಗ್ಗಿತು. ನನಗೆ ಇಂದಿಗೂ ಆ ವಾಸನೆ ಆಗುವುದಿಲ್ಲ. ಸೆರಗು ಎಳೆದು ಮೂಗಿಗೆ ಹಿಡಿದೆ. ಹಿಡಿದ ಕೈ ಹಾಗೇ ನಿಂತುಬಿಟ್ಟಿತು...

ಆರು ವರ್ಷದ ಹಿಂದೆ ಇದೇ ಜಾಗದಲ್ಲಿ ನಾಲ್ಕು ಮಹಡಿಯ ಹಳೇ ಫ್ಲ್ಯಾಟುಗಳಿದ್ದವು. ಕೆಳಗಿನ ಸಾಲಿನಲ್ಲಿ ಒಂದು ನಮ್ಮದು, ಅಂದರೆ ಮಗಳು ಕೊಂಡದ್ದು. ಮೊಮ್ಮಗಳನ್ನು ನೋಡಿಕೊಳ್ಳಲು ನಾನು ಮಂಡ್ಯದಿಂದ ಈ ಮಲಯ್ ದೇಶಕ್ಕೆ ಬಂದಿದ್ದೆ. ಪಕ್ಕದ ಮನೆಯಲ್ಲಿ ಆಕೆ. ತಮಿಳಿನವಳು, ಒಂಟಿ ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಆಕೆ ನನ್ನನ್ನು ಮೈಸೂರಮ್ಮ ಎನ್ನುತ್ತಿದ್ದಳು. ಮಂಡ್ಯ ಎಂದು ತಿದ್ದಿದರೆ “ಮಂಡೆಯಾ?” ಎಂದು ತನ್ನ ತಲೆ ಮುಟ್ಟಿಕೊಂಡು ನಗುತ್ತಿದ್ದಳು.

ಬ್ರಿಕ್‌ಫೀಲ್ಡ್ಸ್ ಬಡಾವಣೆಯ ಹೂವಿನ ಅಂಗಡಿಗೆ ಮಾಲೆ ಕಟ್ಟಿಕೊಡುವುದು ಆಕೆಯ ಕೆಲಸ. ಕಟ್ಟಿ ಮುಗಿಸಿ ಹನ್ನೊಂದಕ್ಕೆ ಒಲೆ ಹಚ್ಚಿ ನೆತ್ತಲಿ ಒಣಮೀನು ಹುರಿಯಲು ನಿಲ್ಲುತ್ತಿದ್ದಳು. ನಾನು ಪೂಜೆಗೆ ಕೂರುವ ಹೊತ್ತೂ ಅದೇ. ಒಂದು ದಿನ ತಡೆಯದೆ ಆಕೆಯ ಹೊಸ್ತಿಲಿಗೆ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟು ಬಂದೆ. ಜಾಲರಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

“ಎನ್ನ ಮೈಸೂರಮ್ಮಾ, ಎನ್ ಮೀನುಕ್ಕೂ ಪೂಜೆಯಾ?”

“ಸ್ವರ್ಗಕ್ಕೆ ಹೋಗ್ಲಿ ಅಂತ ಕಣಕ್ಕ. ದಿನಾ ಅಷ್ಟೊಂದು ಸಾಯ್ತವಲ್ಲ.”

ಆಕೆ ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಏನೇ ಅಂದರೂ ದಿನಾ ಬೆಳಗ್ಗೆ ನಮ್ಮ ಗ್ರಿಲ್ಲಿಗೆ ಒಂದು ಮೊಳ ಹೂವು ಸಿಕ್ಕಿಸಿ ಹೋಗುವುದನ್ನು ಆಕೆ ತಪ್ಪಿಸಲಿಲ್ಲ. ನಾನೂ ಅದನ್ನು ದೇವರಿಗೆ ಏರಿಸುತ್ತಿದ್ದೆ. ಮೀನು ಮುಟ್ಟುವ ಕೈ ಎಂಬುದು ಆಗ ಮಾತ್ರ ನನಗೆ ನೆನಪಾಗುತ್ತಿರಲಿಲ್ಲ.

ಆಮೇಲೆ ನೋಟೀಸು ಬಂತು. ಹಿಂದಿನ ರಸ್ತೆಗೆ ಟ್ರಾಮ್ ಬರುತ್ತದೆ, ಫ್ಲ್ಯಾಟು ಕೆಡವಿ ಟವರ್ ಕಟ್ಟುತ್ತಾರೆ ಎಂದು. ಸ್ವಂತ ಮನೆಯವರಿಗೆ ಟವರಿನಲ್ಲಿ ಮನೆ ಸಿಗುವುದರಲ್ಲಿ ತಕರಾರಿರಲಿಲ್ಲ. ಬಾಡಿಗೆಯವರ ಬಾಗಿಲಿಗೆ ಎಣಿಕೆಯವರು ಬರುತ್ತಾರೆ, ವಾಸ ಇದ್ದಾರೆ ಎಂದು ಬರೆದುಕೊಂಡರೆ ಟವರಿನಲ್ಲಿ ಒಂದು ಸಣ್ಣ ಮನೆ, ಬರೆದುಕೊಳ್ಳದಿದ್ದರೆ ಏನೂ ಇಲ್ಲ. ಆಕೆ ಮೂವತ್ತು ವರ್ಷ ಬಾಯಿಮಾತಿನ ಮೇಲೆ ಬಾಡಿಗೆಗಿದ್ದವಳು. ಕೈಯಲ್ಲಿ ಒಂದು ಕಾಗದವಿಲ್ಲ. ಎರಡು ದಿನ ಬಾಗಿಲು ಬಿಟ್ಟು ಕದಲದೆ ಕಾದಳು, ಯಾರೂ ಬರಲಿಲ್ಲ. ಮೂರನೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕಿತ್ತು.

“ಅವಂಗ ವಂದಾ ಸೊಲ್ಲುಂಗಮ್ಮಾ, ಅಕ್ಕ ಇಂಗೇದಾನ್ ಇರುಕ್ಕಾಂಗನ್ನು,” ಎಂದಳು. ಅವರು ಬಂದರೆ, ಅಕ್ಕ ಇಲ್ಲೇ ಇರುವುದು ಎಂದು ನಾನು ಹೇಳಬೇಕಿತ್ತು. ಅಷ್ಟೇ ಕೆಲಸ.

“ಹೇಳ್ತೀನಿ, ಹೋಗ್ಬನ್ನಿ ಅಕ್ಕ,” ಎಂದೆ.

ಎಣಿಕೆಯ ಹುಡುಗಿ ಬಂದಳು, ತಲೆಗೆ ಸ್ಕಾರ್ಫು, ಕೈಯಲ್ಲಿ ಟ್ಯಾಬು. ಆಕೆಯ ಬಾಗಿಲು ತಟ್ಟಿ, ನನ್ನ ಕಡೆ ತಿರುಗಿ “ಅದಾ ಓರಾಂಗ್?” ಎಂದಳು. ಜನ ಇದ್ದಾರಾ ಎಂದು. ನನ್ನ ಮಲಯ್ ಭಾಷೆ ಸೊಪ್ಪಿನ ಅಂಗಡಿಯಲ್ಲಿ ಕಲಿತಷ್ಟು. ಸೊಪ್ಪು ಮುಗಿದಿದ್ದರೆ ಅಂಗಡಿಯವನು “ತಾ ಅದಾ” ಎನ್ನುತ್ತಾನೆ, ಇಲ್ಲ ಎಂದು. ನಾನೂ “ತಾ ಅದಾ” ಎಂದೆ. ಹುಡುಗಿ ಇನ್ನೊಮ್ಮೆ ಕೇಳಿದಳು. “ತಾ ಅದಾ ಲಾ!” ಎಂದು ಜೋರಾಗಿ ಹೇಳಿದೆ. ನಾವು ಡಾಕ್ಟರ ಹತ್ತಿರ ಹೋದವರಿಗೂ ಇಲ್ಲ ಎನ್ನುತ್ತೇವೆ, ಸತ್ತವರಿಗೂ ಇಲ್ಲ ಎನ್ನುತ್ತೇವೆ. ನಾನು ಹೇಳಿದ್ದು ಆಕೆ ಹೊರಗೆ ಹೋಗಿದ್ದಾಳೆ ಎಂದು. ಹುಡುಗಿಗೆ ಕೇಳಿಸಿದ್ದು ಇಲ್ಲಿ ಯಾರೂ ವಾಸವಿಲ್ಲ ಎಂದು. ಒಂದು ಬಿಳಿ ಚೀಟಿ ಅಂಟಿಸಿ ಮೇಲಿನ ಮಹಡಿಗೆ ಹೋದಳು.

ಮೊಮ್ಮಗಳಿಗೆ ಆಗ ಹತ್ತು ವರ್ಷ. ಹೊರಗೆ ಬಂದು ಚೀಟಿ ಓದಿದಳು. “ಅಜ್ಜಿ, ಕೊಸೋಂಗ್ ಮೀನ್ಸ್ ಎಂಪ್ಟಿ ಲಾ. ಬಟ್ ಪಾಟಿ ಲಿವ್ಸ್ ದೇರ್!”

ಪಕ್ಕದ ಅಕ್ಕನನ್ನು ಮಗು ಪಾಟಿ, ಅಂದರೆ ತಮಿಳಿನಲ್ಲಿ ಅಜ್ಜಿ, ಎನ್ನುತ್ತಿತ್ತು. ಕೊಸೋಂಗ್ ನನಗೂ ಗೊತ್ತಿತ್ತು. ಮಾಮಕ್ ಎಂಬ ಇಲ್ಲಿನ ಹೋಟೆಲುಗಳಲ್ಲಿ ಒಳಗೆ ಏನೂ ಹಾಕದ ರೊಟ್ಟಿಗೆ ಹಾಗೇ ಎನ್ನುತ್ತಾರೆ. ಹುಡುಗಿಯ ಚಪ್ಪಲಿ ಸದ್ದು ಇನ್ನೂ ಮೆಟ್ಟಿಲ ಮೇಲೆ ಕೇಳುತ್ತಿತ್ತು. ಕೂಗಿದ್ದರೆ ಸಾಕಿತ್ತು. “ಗೋ ಟೆಲ್ ಹರ್, ಅಜ್ಜಿ,” ಎಂದಿತು ಮಗು. ನಿನ್ನ ಊಟ ಮಾಡು ಹೋಗು ಎಂದೆ.

ಮಾತು ತಪ್ಪಾಗಿ ಕೇಳಿಸಿದ್ದಕ್ಕೆ ನಾನು ಏನು ಮಾಡಲಿ? ಆದರೆ ಗೊತ್ತಾದ ಮೇಲೂ ನಿಂತೆನಲ್ಲ, ಅದು ನನ್ನದು. ಮಂಡಿನೋವು, ಮೆಟ್ಟಿಲು ಹತ್ತಲಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಟವರಿನಲ್ಲೂ ಈಕೆ ಪಕ್ಕಕ್ಕೇ ಬಂದರೆ, ಮತ್ತೆ ದಿನಾ ಹನ್ನೊಂದಕ್ಕೆ ಆ ಬಾಣಲೆ, ಆ ಎಣ್ಣೆ... ಆ ಯೋಚನೆ ಬಂತು. ಅದು ಮುಗಿಯುವಷ್ಟರಲ್ಲಿ ಹುಡುಗಿ ಮೇಲಿನ ಕೆಲಸ ಮುಗಿಸಿ ಇಳಿದು ಹೋಗಿದ್ದಳು.

ಮಧ್ಯಾಹ್ನ ಆಕೆ ಬಂದು ಚೀಟಿಯ ಮುಂದೆ ನಿಂತಳು. ನನ್ನನ್ನು ಕೇಳಿದಳು. ಪೂಜೆಗೆ ಕೂತಿದ್ದೆ ಅಕ್ಕ, ಯಾರು ಬಂದರೋ ತಿಳಿಯಲಿಲ್ಲ ಎಂದುಬಿಟ್ಟೆ.

ಆ ಕಣ್ಣಿಟ್ಟುಕೊಂಡು ಎಷ್ಟು ಸಲ ಆಫೀಸಿಗೆ ಅಲೆದಳೋ. ನಿಮ್ಮ ಪಕ್ಕದ ಮನೆಯವರೇ ಹೇಳಿದ್ದಾರಲ್ಲ ಎಂದು ಅಲ್ಲಿ ಯಾರಾದರೂ ಹೇಳಿರಲೇಬೇಕು. ಏಕೆಂದರೆ ಒಂದು ಬೆಳಗ್ಗೆ ಗ್ರಿಲ್ಲಿನಲ್ಲಿ ಹೂವಿರಲಿಲ್ಲ. ಮಾರನೆಯ ದಿನವೂ ಇರಲಿಲ್ಲ. ಜಗಳಕ್ಕೂ ಬರಲಿಲ್ಲ. ನಿಲಾಯ್ ಊರಿನಲ್ಲಿದ್ದ ತಂಗಿಯ ಮಗನ ಮನೆಗೆ ಹೊರಟ ದಿನ ವ್ಯಾನಿಗೆ ಸಾಮಾನು ಹೇರುವ ಸದ್ದು ಕೇಳುತ್ತಿತ್ತು. ನಾನು ಅಡಿಗೆಮನೆಯಲ್ಲಿ ಕುಕ್ಕರ್ ಕೂಗುವವರೆಗೂ ನಿಂತೇ ಇದ್ದೆ.

ಮೊನ್ನೆ ಆ ವಾಸನೆ ಬಂದ ಮೇಲೆ ನಾನು ಮನೆಗೆ ಹೋಗಲಿಲ್ಲ. ಅದೇ ಲಿಫ್ಟಿನಲ್ಲಿ ಇಳಿದು, ಟ್ರಾಮ್ ಹತ್ತಿ ಹೂವಿನ ಅಂಗಡಿಗೆ ಹೋದೆ. ಆಕೆಯ ವಿಳಾಸ ಕೇಳಿದೆ.

“ಅವಂಗ ಪೋನ ವರುಷಮೇ ಪೋಯ್ಟ್ಟಾಂಗಮ್ಮಾ,” ಎಂದಳು ಅಂಗಡಿಯವಳು, ಹೂವು ಅಳೆಯುತ್ತಲೇ. ಹೋದ ವರ್ಷವೇ ತೀರಿಕೊಂಡಳಂತೆ. ಕೊನೆಗೆ ಕಣ್ಣು ಪೂರ್ತಿ ಹೋಗಿತ್ತಂತೆ, ಆದರೂ ಬೆರಳು ಸುಮ್ಮನೆ ಕಟ್ಟುತ್ತಲೇ ಇರುತ್ತಿತ್ತಂತೆ...

ಊಟದ ಹೊತ್ತಿಗೆ ಮಗಳಿಗೆ ಎಲ್ಲ ಹೇಳಿದೆ. “ಬಿಡಮ್ಮಾ, ಆಗಿದ್ದಾಯ್ತು. ಈಗ ಹೇಳಿ ಯಾರಿಗೆ ಏನು?” ಎಂದಳು. ಮೊಮ್ಮಗಳು ತಟ್ಟೆ ನೋಡುತ್ತಾ ಕೂತಿದ್ದಳು. ಅವಳಿಗೆ ನೆನಪಿದೆ.

ಮಾರನೆಯ ಬೆಳಗ್ಗೆ ಯಾರನ್ನೂ ಜೊತೆಗೆ ಕರೆಯದೆ ಟವರಿನ ಕೆಳಗಿರುವ ಆಫೀಸಿಗೆ ಹೋದೆ. ಅಲ್ಲಿದ್ದವನು ತಮಿಳಿನವನು. ಆ ಮನೆ ಖಾಲಿ ಇರಲಿಲ್ಲಪ್ಪ, ಖಾಲಿ ಎಂದದ್ದು ತಪ್ಪು, ಬರೆದುಕೊ ಎಂದೆ. ಹಳೇ ಫೈಲೆಲ್ಲ ಮುಚ್ಚಿಹೋಗಿದೆ ಪಾಟಿ ಎಂದ. ನಾನು ಏಳಲಿಲ್ಲ. ಕೊನೆಗೆ ಒಂದು ಹಾಳೆ ತೆಗೆದು, ಅಲ್ಲಿದ್ದವರ ಹೆಸರೇನು ಎಂದು ಕೇಳಿದ.

ನಾಲ್ಕು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡು ಇದ್ದೆವು. ಅಕ್ಕ ಎನ್ನುವುದು ಬಿಟ್ಟರೆ ಬೇರೆ ಹೆಸರು ನನಗೆ ಗೊತ್ತಿರಲಿಲ್ಲ.

ಅದು ಗೊತ್ತಿಲ್ಲ, ಸುಳ್ಳು ಹೇಳಿದವಳ ಹೆಸರು ಗೊತ್ತು ಎಂದೆ. ಪೆನ್ನು ಇಸಿದುಕೊಂಡು, ನನಗೆ ಬರುವುದು ಕನ್ನಡ ಅಕ್ಷರ ಒಂದೇ, ಅದರಲ್ಲೇ ನನ್ನ ಹೆಸರು ಬರೆದು ಕೊಟ್ಟು ಬಂದೆ.