ಎಡಗಡೆಯ ಮೂರು ಮನೆಗಳು

ಅಕ್ಕ ಬಸವನ ಬಾಗೇವಾಡಿಯಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಕ್ಲಾಸ್ ನಡೆಸಿದಳು. ಮೊದಲು ಟೈಪ್‌ರೈಟರ್, ಆಮೇಲೆ ನಾಲ್ಕು ಕಂಪ್ಯೂಟರ್. ತಂಗಿಯಾದ ನಾನೂ ಬೆರಳು ಪಳಗಿಸಿದ್ದು ಅಲ್ಲೇ. ಸಿಂದಗಿಯ ಕಚೇರಿಯಲ್ಲಿ ನನಗೆ ನೌಕರಿ ಸಿಕ್ಕಿದ್ದೂ ಆ ಕಲಿಕೆಯಿಂದಲೇ. ಅವಳು ಮದುವೆಯಾಗಲಿಲ್ಲ. ಕ್ಲಾಸ್ ಮುಚ್ಚಿದ ಮೇಲೂ ಅದೇ ಕಟ್ಟಡದ ಮೇಲಿನ ಎರಡು ಕೋಣೆಗಳಲ್ಲಿ ಉಳಿದಳು. ರೈಲ್ವೆ ಸ್ಟೇಷನ್ ಕಡೆಯ ಒಂದು ಶಾಲೆಗೆ ದಿನಾಲೂ ಸ್ಕೂಟಿಯ ಮೇಲೆ ಹೋಗಿ ಕಂಪ್ಯೂಟರ್ ಕಲಿಸುತ್ತಿದ್ದಳು.

ಆ ಹಳೆಯ ಕಂಪ್ಯೂಟರ್‌ಗಳಲ್ಲಿ ಒಂದು ಆಟವಿತ್ತು. ಕಪ್ಪು ಪರದೆ, ಕೆಳಗೆ ಸಾಲಾಗಿ ಎಂಟು ಪುಟ್ಟ ಮನೆಗಳು. ಮೇಲಿನಿಂದ ಇಂಗ್ಲಿಷ್ ಅಕ್ಷರಗಳು ಕಲ್ಲಿನ ಹಾಗೆ ಬೀಳುತ್ತವೆ. ಆ ಅಕ್ಷರದ ಕೀಲಿ ಒತ್ತಿದರೆ ಅದು ನಡುವೆಯೇ ಒಡೆದುಹೋಗುತ್ತದೆ, ತಪ್ಪಿದರೆ ಕೆಳಗಿನ ಮನೆ ಕುಸಿಯುತ್ತದೆ. ಅಕ್ಕ ಕೂತರೆ ಒಂದು ಮನೆಯೂ ಬೀಳುತ್ತಿರಲಿಲ್ಲ. ಹಿಂದೆ ನಿಂತ ವಿದ್ಯಾರ್ಥಿಗಳ ಜೊತೆ ಮಾತಾಡುತ್ತಲೇ ಆಡುತ್ತಿದ್ದಳು.

ಹೋದ ವರ್ಷ ಶ್ರಾವಣದಲ್ಲಿ ಅವಳ ಟ್ರಂಕಿನ ತಳದಲ್ಲಿ ಆ ಆಟದ ಫ್ಲಾಪಿ ಸಿಕ್ಕಿತು. ವಿಜಯಪುರದ ಅಂಗಡಿಯವನೊಬ್ಬ ಅದರೊಳಗಿದ್ದುದನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟ. ಹೊಸ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಆಟ ಹಾಗೆಯೇ ಓಡುವುದಿಲ್ಲ. ಅದಕ್ಕೆ ಎಮ್ಯುಲೇಟರ್ ಬೇಕು, ಹೊಸ ಯಂತ್ರಕ್ಕೆ ಹಳೆಯ ಯಂತ್ರದ ವೇಷ ಹಾಕುವ ತಂತ್ರಾಂಶ. ನಾನು ಅದನ್ನು ಹಾಕಿಕೊಂಡು ಒಂದು ಭಾನುವಾರ ಬಾಗೇವಾಡಿಗೆ ಹೋದೆ. ಮೊದಲ ಸಲ ಆಟ ಶುರುವಾದಾಗ ಅಕ್ಷರಗಳು ಆಲಿಕಲ್ಲಿನ ಹಾಗೆ ಸುರಿದು ಕಣ್ಣು ಮಿಟುಕಿಸುವಷ್ಟರಲ್ಲಿ ಎಂಟೂ ಮನೆ ಬಿದ್ದವು. ಹೊಸ ಯಂತ್ರದ ವೇಗ ಅದು. ಎಮ್ಯುಲೇಟರಿನಲ್ಲಿ ವೇಗ ತಗ್ಗಿಸಿದೆ. ಅಕ್ಕ ನಗುತ್ತ ಕುರ್ಚಿ ಎಳೆದುಕೊಂಡಳು.

ಆ ದಿನ ಅವಳು ಸೋತಳು. ಎಡಗಡೆಯ ಮೂರು ಮನೆಗಳು ಬಿದ್ದವು. ಇನ್ನೂ ಜೋರೈತಿ ಅಂದಳು. ನಾನು ಮತ್ತಷ್ಟು ತಗ್ಗಿಸಿದೆ.

ಮುಂದಿನ ಭಾನುವಾರವೂ ಅವೇ ಮೂರು ಮನೆ. ಅದರ ಮುಂದಿನ ವಾರವೂ ಅವೇ. ಬಲಗಡೆಯ ಐದು ಮನೆಗಳಿಗೆ ಒಂದು ಗೆರೆಯೂ ಬೀಳಲಿಲ್ಲ. ನಾನು ವೇಗ ಇಳಿಸುತ್ತ ಹೋದೆ, ಅಕ್ಷರಗಳು ನೀರಿನಲ್ಲಿ ಮುಳುಗುವ ಎಲೆಯಷ್ಟು ನಿಧಾನವಾದವು. ಆದರೂ ಎಡಗಡೆ ಉಳಿಯಲಿಲ್ಲ. ಒಂದು ದಿನ ಅವಳು ಬೇಸರದಿಂದ ಕೈ ತೆಗೆದಳು.

“ಎಡಕ್ಕ ಅಕ್ಷರ ಬರವಲ್ವು ನೋಡವಾ. ನೀ ಏನೋ ಕೆಡಿಸೀದಿ.”

ನಾನು ನಂಬಿದೆ. ಹಳೆಯ ಆಟಗಳ ಚಿತ್ರ ಚೌಕ, ಈಗಿನ ಪರದೆ ಅಗಲ. ಹಿಗ್ಗಿಸುವಾಗ ಒಂದು ಅಂಚು ಕತ್ತರಿಸಿ ಹೋಗಿರಬೇಕು ಅಂದುಕೊಂಡೆ. ಸಿಂದಗಿಯಲ್ಲಿ ಸಂಜೆಯೆಲ್ಲ ಕೂತು ಅಳತೆ ಬದಲಿಸಿದೆ. ನನ್ನ ಮುಂದೆ ಎಲ್ಲ ಸರಿಯಾಗಿ ಕಾಣುತ್ತಿತ್ತು. ಅಕ್ಕನ ಮುಂದೆ ಮತ್ತೆ ಅದೇ.

ಈ ನಡುವೆ ಬೇರೆ ಕೆಲವನ್ನೂ ಕಂಡೆ. ಸ್ಕೂಟಿಯ ಎಡಗನ್ನಡಿ ಮುರಿದಿತ್ತು. ನಿಲ್ಲಿಸಿದಲ್ಲಿ ಯಾರೋ ತಾಗಿಸಿದರಂತೆ. ಅವಳ ಎಡ ಭುಜ ನೀಲಿಗಟ್ಟಿತ್ತು, ಬಾಗಿಲು ಬಡಿಯಿತಂತೆ. ಊಟಕ್ಕೆ ಕೂತಾಗ ರೊಟ್ಟಿ, ಪಲ್ಯ ಖಾಲಿಯಾದವು, ತಟ್ಟೆಯ ಎಡಕ್ಕೆ ಬಡಿಸಿದ ಶೇಂಗಾ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ, ಹಾಗೇ ಉಳಿಯಿತು. ಅದು ಅವಳಿಗೆ ಬಲು ಇಷ್ಟದ್ದು. ಯಾಕೆ ಬಿಟ್ಟೆ ಎಂದು ಕೇಳಿದೆ. ಅವಳು ತಲೆ ಪೂರ್ತಿ ತಿರುಗಿಸಿ ತಟ್ಟೆ ನೋಡಿ, ನಾನು ಈಗ ಬಡಿಸಿದೆನೆಂಬಂತೆ ತಿನ್ನತೊಡಗಿದಳು. ನಾನು ತಟ್ಟೆಯನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿದೆ. ಆದರೂ ಆ ದಿನ ಬಸ್ ಹತ್ತಿ ಊರಿಗೆ ಬಂದುಬಿಟ್ಟೆ.

ಮುಂದಿನ ಸಲ ಹೋದಾಗ ಮಧ್ಯಾಹ್ನ ಆಟ ಹಾಕಿದೆ. ವೇಗವನ್ನು ಎಷ್ಟು ಇಳಿಸಿದೆನೆಂದರೆ ಒಂದು ಅಕ್ಷರ ಕೆಳಗೆ ಮುಟ್ಟಲು ಒಂದು ನಿಮಿಷ ಬೇಕು. ಆಡಬೇಡ, ನಟ್ಟ ನಡುವೆ ಸುಮ್ಮನೆ ನೋಡು ಎಂದೆ. ಎಡಗಡೆಯಿಂದ ಒಂದು ಅಕ್ಷರ ಹೊರಟಿತು.

“ಈಗ ಪರದೆ ಮ್ಯಾಲ ಏನೈತಿ ಅಕ್ಕಾ?”

“ಏನೂ ಇಲ್ಲ. ಖಾಲಿ ಐತಿ.”

ಅಕ್ಷರ ಅವಳ ಕಣ್ಣೆದುರೇ ಇಳಿಯುತ್ತಿತ್ತು. ಹೊರಗೆ ಯಾವುದೋ ಟ್ರ್ಯಾಕ್ಟರ್ ಹೋಯಿತು. ಅವಳು ಬೆರಳನ್ನು ಕೀಲಿಗಳ ಮೇಲಿಟ್ಟುಕೊಂಡು ಕಾಯುತ್ತಲೇ ಇದ್ದಳು. ಮೊದಲ ಮನೆ ಸದ್ದಿಲ್ಲದೆ ಕುಸಿಯಿತು. ಅವಳು ಆಗಲೂ ಕಾಯುತ್ತಿದ್ದಳು.

ನಾನು ಎದ್ದು ಗೋಡೆಯ ಮೊಳೆಯಲ್ಲಿದ್ದ ಸ್ಕೂಟಿಯ ಕೀಲಿಕೈ ತೆಗೆದು ಪರ್ಸಿನಲ್ಲಿ ಹಾಕಿಕೊಂಡೆ. ಅವಳು ಸಿಟ್ಟಾದಳು. ಶಾಲೆಗೆ ಹೇಗೆ ಹೋಗಲಿ, ನಾನೇನು ಮುದುಕಿಯೇ ಎಂದು ಬೈದಳು.

ಮರುದಿನ ವಿಜಯಪುರದಲ್ಲಿ ಕಣ್ಣಿನ ಡಾಕ್ಟರು ಎರಡೂ ಕಣ್ಣು ಚೆನ್ನಾಗಿವೆ ಎಂದರು. ಒಂದು ಕಣ್ಣು ಮುಚ್ಚಿಸಿ ನೋಡಿದರು, ಮತ್ತೊಂದನ್ನು ಮುಚ್ಚಿಸಿ ನೋಡಿದರು. ಎರಡರಲ್ಲೂ ಎಡಭಾಗ ಕಾಣುತ್ತಿರಲಿಲ್ಲ. ದೋಷ ಕಣ್ಣಿನದಲ್ಲ, ಅದರ ಹಿಂದಿನದು ಎಂದು ಸ್ಕ್ಯಾನ್ ಬರೆದುಕೊಟ್ಟರು. ತಲೆಯ ಹಿಂಬದಿಯಲ್ಲಿ, ಬಲಕ್ಕೆ, ಗಡ್ಡೆಯೊಂದಿತ್ತು. ಎಡಗಡೆಯ ನೋಟ ಮೂಡುವುದು ಅಲ್ಲೇ ಅಂತೆ. ಚಿತ್ರ ನೋಡಿದ ದೊಡ್ಡ ಡಾಕ್ಟರು ಅಕ್ಕನನ್ನು ಕೇಳಿದರು: “ಯಾವಾಗಿಂದ ಹಿಂಗ ಆಗೇತ್ರಿ?”

ಹೋದ ವಾರದಿಂದ ಎಂದಳು ಅಕ್ಕ. ಮೂರು ತಿಂಗಳಾಯಿತು ಎಂದೆ ನಾನು. ಅವಳು ತಲೆ ತಿರುಗಿಸಿ ನನ್ನನ್ನು ನೋಡಿದಳು. ನಾನು ಅವಳ ಎಡಕ್ಕೆ ಕೂತಿದ್ದೆ.

ಸೊಲ್ಲಾಪುರದಲ್ಲಿ ಆಪರೇಷನ್ ಆಯಿತು. ಗಡ್ಡೆಯನ್ನು ಪೂರ್ತಿ ತೆಗೆಯಲಾಗಲಿಲ್ಲ. ಉಳಿದುದಕ್ಕೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಜೀವ ಉಳಿಯಿತು. ಎಡಭಾಗದ ನೋಟ ಮರಳಲಿಲ್ಲ. ಈಗ ಅವಳು ಸಿಂದಗಿಯಲ್ಲಿ ನನ್ನ ಜೊತೆ ಇದ್ದಾಳೆ.

ಬೇಸಿಗೆಯ ಒಂದು ಸಂಜೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು. ಅವಳು ತಾನಾಗಿ ಮಾತೆತ್ತಿದಳು. ಆ ಫ್ಲಾಪಿ ಸಿಗುವ ಮೊದಲೇ ಒಮ್ಮೆ ಸ್ಟೇಷನ್ ರಸ್ತೆಯಲ್ಲಿ ಒಂದು ಆಡಿಗೆ ಸ್ಕೂಟಿ ತಾಗಿಸಿದ್ದಳಂತೆ. ಆಡು ಎಲ್ಲಿಂದ ಬಂತೆಂದೇ ಗೊತ್ತಾಗಲಿಲ್ಲವಂತೆ. ಆಡಿನ ಪಕ್ಕದಲ್ಲಿ ಒಬ್ಬ ಹೆಂಗಸು ನಡೆಯುತ್ತಿದ್ದಳು. ಅವಳು ಬೈಯತೊಡಗಿದ ಮೇಲೆಯೇ ಇವಳಿಗೆ ಕಂಡಿದ್ದು.

“ಆವಾಗ ನನಗ ಗೊತ್ತಾಗಿತ್ತು, ತಲ್ಯಾಗ ಏನೋ ಐತಿ ಅಂತ. ಆಟದ ತಪ್ಪು ಅಂತ ನೀ ರಿಪೇರಿ ಮಾಡಾಕತ್ತಿದ್ದಿ. ನನಗ ಅಷ್ಟ ಸಾಕಾಗಿತ್ತು.”

ನಾನು ಸುಲಿಯುತ್ತಲೇ ಇದ್ದೆ. ವಾರ ವಾರ ನಾನು ಇಳಿಸಿದ ಆ ವೇಗ ಅವಳಿಗೆ ಸಮಾಧಾನ ಕೊಟ್ಟಿತ್ತು, ಒಳಗಿನದಕ್ಕೆ ಬೆಳೆಯಲು ಸಮಯ ಕೊಟ್ಟಿತ್ತು. ಇದನ್ನು ಅವಳ ಮುಂದೆ ನಾನು ಇವತ್ತಿಗೂ ಹೇಳಿಲ್ಲ.

ಈ ವಾರ ಅವಳು ಬೆಳಿಗ್ಗೆ ಎದ್ದ ಕೂಡಲೇ ಹಣೆ ಒತ್ತಿಕೊಳ್ಳುತ್ತಾಳೆ. ನಿನ್ನೆ ಚಹಾದ ಕಪ್ಪನ್ನು ಬಲಗಡೆಯೇ ಇಟ್ಟಿದ್ದೆ. ಎರಡು ಸಲ ಅದರ ಪಕ್ಕಕ್ಕೆ ಅವಳ ಕೈ ಹೋಯಿತು, ಮೂರನೆಯ ಸಲ ಸಿಕ್ಕಿತು. ಬಿಸಿಲಿಗೆ ಹಿಂಗಾಗತೈತಿ ಎಂದಳು. ನಾನು ಬಸ್ಸಿನ ವೇಳೆ ಕೇಳಿಕೊಂಡು ಬಂದೆ. ಸೊಲ್ಲಾಪುರದಲ್ಲಿ ಸ್ಕ್ಯಾನ್‌ಗೆ ಹೆಸರು ಬರೆಸಿದ್ದೇನೆ. ಅವಳು ಬೇಡವೆನ್ನಲಿಲ್ಲ. ಹಳೆಯ ಫೈಲನ್ನು ತಾನೇ ಹುಡುಕಿ ತೆಗೆದು, ಸೊಲ್ಲಾಪುರಕ್ಕೆ ಒಯ್ಯುವ ಚೀಲದಲ್ಲಿ ತನ್ನ ಸೀರೆಗಳ ನಡುವೆ ಇಟ್ಟುಕೊಂಡಳು.