ಗಾಡಿಗಳಿಲ್ಲದ ದಾರಿಯಲ್ಲಿ ಅನ್ವರಿ

ಅನ್ವರಿಗೆ ಸೈಕಲ್ ಬರುತ್ತಿರಲಿಲ್ಲ. ಆದರೂ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ ಮಾಡುವವರಿಗೆ ದಾರಿ ಬರೆದುಕೊಡುವುದೇ ಆಕೆಯ ಕೆಲಸವಾಗಿತ್ತು.

ಅಮೆರಿಕದ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ ಟೋನಿ ಎಂಬಾತ ಒಂದು ಸೈಕಲ್ ಅಂಗಡಿ ಇಟ್ಟಿದ್ದ. ಅದರ ಮಹಡಿಯಲ್ಲಿ ಅವನದೇ ಸಣ್ಣ ಪ್ರವಾಸ ಕಂಪನಿ. ಆ ಕಡೆಯ ನಿವೃತ್ತರನ್ನು ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ಹಿಂದೆ ರೈಲು ಓಡುತ್ತಿದ್ದ ಕಡೆ ಹಳಿ ಕಿತ್ತು ಸಮ ಮಾಡಿದ ದಾರಿಗಳಿವೆ, ಹಳೆಯ ಕಾಲುವೆಗಳ ದಂಡೆಗುಂಟ ಸಾಗುವ ದಾರಿಗಳಿವೆ. ಕಾರು, ಲಾರಿ ಅತ್ತ ಸುಳಿಯುವಂತಿಲ್ಲ. ಯಾವ ಗೇಟು ದಾಟಬೇಕು, ಎಲ್ಲಿ ಚಹಾ ಸಿಗುತ್ತದೆ, ಸಂಜೆ ಯಾವ ಊರಿನಲ್ಲಿ ಉಳಿಯಬೇಕು ಎಂಬುದನ್ನೆಲ್ಲ ಅನ್ವರಿ ನಕ್ಷೆ ಹರಡಿಕೊಂಡು, ಅಲ್ಲಿನವರಿಗೆ ಫೋನು ಮಾಡಿ ವಿಚಾರಿಸಿ ಬರೆಯುತ್ತಿದ್ದಳು. ಆ ಊರುಗಳಲ್ಲಿ ಒಂದನ್ನೂ ಆಕೆ ಕಂಡಿರಲಿಲ್ಲ.

ಹುಟ್ಟಿ ಬೆಳೆದದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಮದುವೆಯಾಗಿ ಬಂದು ನೆಲೆಸಿದ್ದು ವುಡ್‌ಬ್ರಿಡ್ಜ್ ಹತ್ತಿರದ ಓಲ್ಡ್ ಬ್ರಿಡ್ಜ್‌ನಲ್ಲಿ. ಗಂಡ ಬಶೀರ್ ಸೀಕಾಕಸ್‌ನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಒಬ್ಬಳೇ ಮಗಳು ಸಾರಾ ಕಾಲೇಜಿಗೆ ಸೇರಿದ್ದಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂಬಂತೆ ಸಂಸಾರ ನಡೆದಿತ್ತು.

ಎರಡು ಸಾವಿರದ ಎಂಟರಲ್ಲಿ ಷೇರು ಮಾರ್ಕೆಟ್ ಬಿದ್ದಾಗ ಮೊದಲು ಪೆಟ್ಟು ತಿಂದದ್ದು ಟೋನಿಯ ಗಿರಾಕಿಗಳೇ. ನಿವೃತ್ತಿಗೆಂದು ಕೂಡಿಟ್ಟದ್ದು ಕರಗಿಹೋದವರು ಇಂಗ್ಲೆಂಡಿಗೆ ಹೋಗಿ ಸೈಕಲ್ ತುಳಿಯುತ್ತಾರೆಯೇ? ಕ್ಯಾನ್ಸಲ್ ಮಾಡುವ ಫೋನುಗಳೇ ಬರತೊಡಗಿದವು. ಆಫೀಸಿನಲ್ಲಿದ್ದ ಉಳಿದವರು ಒಬ್ಬೊಬ್ಬರಾಗಿ ಹೋದರು. ಅತ್ತ ಬಶೀರನ ಗೋದಾಮಿನಲ್ಲೂ ಜನರನ್ನು ತೆಗೆದುಹಾಕಿ, ಅವರ ಕೆಲಸವನ್ನೆಲ್ಲ ಉಳಿದವರ ತಲೆಗೆ ಕಟ್ಟಿದರು. ಮನೆಗೆ ಬಂದವನು ಬಾಗಿಲ ಮುಂದಿನ ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸಿ ಸುಮ್ಮನೆ ಒಳಗೇ ಕೂತಿರುತ್ತಿದ್ದ. ಅನ್ವರಿ ಕಿಟಕಿಯಿಂದ ನೋಡುತ್ತಿದ್ದಳು, ಕರೆಯುತ್ತಿರಲಿಲ್ಲ. ಅವಳಿಗೂ ಆ ಚಳಿಗಾಲದಿಂದ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ. ಹೊರಗೆ ರೂಟ್ ನೈನ್ ಹೆದ್ದಾರಿಯಲ್ಲಿ ಓಡುವ ಟ್ರಕ್ಕುಗಳ ಸದ್ದು, ಒಳಗೆ ಬಶೀರನ ಹೊರಳಾಟ.

ಮರುವರ್ಷ ಉಳಿದದ್ದು ಜೂನ್ ತಿಂಗಳ ಒಂದೇ ಪ್ರವಾಸ, ನಾಲ್ಕೇ ಜನ. ಅಷ್ಟರಲ್ಲಿ ಟೋನಿಯ ಸೊಂಟ ಹಿಡಿದುಕೊಂಡಿತು. ಡಾಕ್ಟರು ಸೈಕಲ್ ಮುಟ್ಟಕೂಡದೆಂದರು.

"ಅನ್ವರಿ, ಈ ಸಲ ನೀನೇ ಕರ್ಕೊಂಡು ಹೋಗ್ಬೇಕು," ಎಂದ ಟೋನಿ.

"ನನಗೆ ಸೈಕಲ್ ಬರಲ್ಲ, ಟೋನಿ."

"ಇನ್ನೂ ಟೈಮ್ ಇದೆಯಲ್ಲ, ಕಲಿ. ನಿನ್ನ ಬಿಟ್ರೆ ಇಲ್ಲಿ ಇನ್ಯಾರಿದ್ದಾರೆ ಹೇಳು?"

ಮನೆಯಲ್ಲಿ ಹೇಳಿದಾಗ ಸಾರಾ ನಕ್ಕುಬಿಟ್ಟಳು. "ಅಮ್ಮೀ, ಆರ್ ಯು ಸೀರಿಯಸ್? ಯು ಕಾಂಟ್ ಈವನ್ ಬ್ಯಾಲೆನ್ಸ್!"

ಬಶೀರ್ ನಗಲಿಲ್ಲ. ಭಾನುವಾರ, ಮುಚ್ಚಿಹೋದ ಫರ್ನಿಚರ್ ಅಂಗಡಿಯೊಂದರ ಖಾಲಿ ಪಾರ್ಕಿಂಗ್ ಲಾಟಿಗೆ ಅವಳನ್ನು ಕರೆದುಕೊಂಡು ಹೋದ. ಸೀಟು ಹಿಡಿದು ಹಿಂದೆ ಹಿಂದೆ ಓಡಿದ. ಅವಳು ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಮೂರನೆಯ ಭಾನುವಾರ ಅವನಿಗೆ ಏದುಸಿರು ಬಂತು.

"ನನ್ನ ಕೈಲಿ ಓಡೋಕೆ ಆಗಲ್ಲ, ಅನ್ವರಿ. ನೀನೇ ತುಳಿ," ಎಂದು ಅಂಚಿನ ಕಲ್ಲಿನ ಮೇಲೆ ಕುಸಿದು ಕೂತ.

ಹಿಡಿಯುವವರಿಲ್ಲದೆ ಅವಳು ತುಳಿದಳು. ಸೈಕಲ್ ಓಲಾಡುತ್ತ ಮುಂದೆ ಹೋಯಿತು. ಆ ತುದಿಯಿಂದ ತಿರುಗಿ ನೋಡಿದರೆ ಬಶೀರ್ ತಲೆ ತಗ್ಗಿಸಿ ಕೂತಿದ್ದ, ನೋಡಿರಲೇ ಇಲ್ಲ.

ಹೀಗೆ ಅನ್ವರಿ ಇಂಗ್ಲೆಂಡಿಗೆ ಹೋದಳು. ನಾಲ್ವರಲ್ಲಿ ಒಬ್ಬ ಬಸ್ ಓಡಿಸಿ ನಿವೃತ್ತನಾದ ಮುದುಕ, ಇಬ್ಬರು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಕ್ಕತಂಗಿಯರು, ಇನ್ನೊಬ್ಬರು ಕಲಾ. ಕಲಾ ಮೂಲತಃ ಧಾರವಾಡದ ಕಡೆಯವರು, ನ್ಯೂಜೆರ್ಸಿಗೆ ಬಂದು ಎಷ್ಟೋ ಕಾಲವಾಗಿತ್ತು. ಗಂಡ ಶರಣಬಸಪ್ಪನವರೂ ಬರಬೇಕಿತ್ತು.

"ಅಂಕಲ್ ಯಾಕೆ ಬರಲಿಲ್ಲ, ಆಂಟಿ?" ಎಂದು ವಿಮಾನದಲ್ಲಿ ಅನ್ವರಿ ಕೇಳಿದಳು.

"ರಿಟೈರ್ ಆಗಿ ಆರಾಮ ಇದ್ರು ನೋಡವಾ. ಈಗ ಮತ್ತ ಕೆಲಸಕ್ಕ ಹೊಂಟಾರ, ಈ ವಯಸ್ಸಿನ್ಯಾಗ. ನೀ ಆದ್ರೂ ಹೋಗಿ ಬಾ ಅಂದ್ರು."

ಡಾರ್ಬಿಶೈರ್‌ನ ಗುಡ್ಡಗಳ ನಡುವೆ ಅವರ ದಾರಿ. ಎರಡೂ ಬದಿ ಕಲ್ಲು ಪೇರಿಸಿದ ಗೋಡೆ, ಅದರಾಚೆ ಕುರಿಗಳು. ಅನ್ವರಿ ಎಲ್ಲರಿಗಿಂತ ಹಿಂದೆ. ದಾರಿ ತೋರಿಸಬೇಕಾದವಳು ಹೀಗೆ ಹಿಂದುಳಿದರೂ ಯಾರೂ ಆಡಿಕೊಳ್ಳಲಿಲ್ಲ. ಗೇಟು ಬಂದಲ್ಲೆಲ್ಲ ನಿಂತು ಅವಳಿಗಾಗಿ ಕಾದರು.

ಎರಡನೆಯ ಸಂಜೆ ಟೋನಿಯ ಫೋನು ಬಂತು. ದನಿ ಸೋತಿತ್ತು. "ಅಂಗಡಿ, ಕಂಪನಿ ಎರಡನ್ನೂ ಮುಚ್ಚುತ್ತಾ ಇದೀನಿ, ಅನ್ವರಿ. ನಿಮ್ಮ ಊಟ, ರೂಮುಗಳಿಗೆ ಏನೂ ತೊಂದರೆಯಾಗಲ್ಲ. ಟೂರ್ ಮುಗಿಸಿ ಬಾ. ಅವರಿಗೆ ಹೇಳೋದು ಬಿಡೋದು ನಿನಗೇ ಬಿಟ್ಟಿದ್ದು."

ಅವಳು ಯಾರಿಗೂ ಹೇಳಲಿಲ್ಲ. ಬಶೀರನಿಗೂ ಫೋನು ಮಾಡಲಿಲ್ಲ. ಮರುದಿನ ಎಂದಿನಂತೆ ಎಲ್ಲರ ಟೈರು ಒತ್ತಿ ನೋಡಿ ಹೊರಟಳು.

ಆ ದಿನದ ದಾರಿಗೆ ಊರುಗಳೇ ಇರಲಿಲ್ಲ. ಗಾಳಿ ನಿಂತಿತ್ತು. ಜಲ್ಲಿಯ ಮೇಲೆ ಚಕ್ರ ಉರುಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. 'ಈ ದಾರಿಯಲ್ಲಿ ವಾಹನಗಳಿಲ್ಲ' ಎಂದು ಅದೆಷ್ಟು ಸಲ ಬರೆದಿದ್ದಳೋ, ಹಾಗೆಂದರೆ ಹೀಗಿರುತ್ತದೆ ಎಂದು ತಿಳಿದಿರಲಿಲ್ಲ. ಹಿಂದಿನಿಂದ ಏನೂ ಬರುವುದಿಲ್ಲ, ತಿರುಗಿ ನೋಡಬೇಕಾಗಿಲ್ಲ. ಬಿಗಿಹಿಡಿದಿದ್ದ ಭುಜ ಸಡಿಲವಾಯಿತು. ಅದರೊಂದಿಗೆ ವರ್ಷದ ಆಯಾಸವೆಲ್ಲ ಒಮ್ಮೆಲೇ ಮೈಮೇಲೆ ಬಂದು ಕೂತಂತಾಯಿತು. ಮಧ್ಯಾಹ್ನ ಒಂದು ಹಳೆಯ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಇಳಿದು ಸ್ಯಾಂಡ್‌ವಿಚ್ ಹಂಚಿದಳು. ತಾನು ತಿನ್ನದೆ, ಪಕ್ಕದ ಹುಲ್ಲಿನ ಮೇಲೆ ಒಂದು ನಿಮಿಷವೆಂದು ಒರಗಿದಳು.

ಕಣ್ಣು ತೆರೆದಾಗ ಬಿಸಿಲು ಗೋಡೆಯಾಚೆ ಸರಿದಿತ್ತು. ಮೈಮೇಲೆ ಯಾರದೋ ಜಾಕೆಟ್ಟು. ಬಸ್ ಓಡಿಸಿದ ಮುದುಕ ಬೆಂಚಿನ ಮೇಲೆ ಕೂತು ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಅಕ್ಕತಂಗಿಯರು ಇಸ್ಪೀಟು ಆಡುತ್ತಿದ್ದರು. ಕಲಾ ಪಕ್ಕದಲ್ಲೇ ಕೂತಿದ್ದರು.

ಅನ್ವರಿ ಗಡಬಡಿಸಿ ಎದ್ದಳು. "ಅಯ್ಯೋ ಆಂಟಿ, ಎಬ್ಬಿಸಬಾರದಿತ್ತಾ? ತುಂಬಾ ಲೇಟಾಯ್ತು!"

"ಎಬ್ಬಿಸಾಕ ಮನಸ್ಸ ಬರಲಿಲ್ಲ ನೋಡವಾ. ಅವರೂ ಬ್ಯಾಡಂದ್ರು. ಏನಾಗೇತಿ ನಿನಗ? ನಿನ್ನೆ ಫೋನ್ ಬಂದಾಗಿಂದ ನೋಡಾಕತ್ತೀನಿ."

ಅನ್ವರಿಗೆ ತಡೆಯಲಾಗಲಿಲ್ಲ. ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲೇ ಹೇಳಿದಳು: ಕಂಪನಿ ಮುಚ್ಚಿದೆ, ತನಗೆ ಈಗ ಕೆಲಸವಿಲ್ಲ, ಇದೇ ಕೊನೆಯ ಪ್ರವಾಸ, ಆದರೆ ಉಳಿಯುವ ವ್ಯವಸ್ಥೆಯೆಲ್ಲ ಇದೆ, ಯಾರೂ ಹೆದರಬೇಕಾಗಿಲ್ಲ.

ಅಕ್ಕತಂಗಿಯರಲ್ಲಿ ಹಿರಿಯಳು ಇಸ್ಪೀಟಿನ ಎಲೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿದಳು. ಮುದುಕ ಮೆಲ್ಲಗೆ ಎದ್ದು ಅನ್ವರಿಯ ಸೈಕಲ್ಲನ್ನು ಗೋಡೆಯಿಂದ ತಂದು ಅವಳ ಮುಂದೆ ನಿಲ್ಲಿಸಿದ.

"ಸ್ಯಾಂಡ್‌ವಿಚ್ ತಿನ್ನು ಮೊದಲು," ಎಂದ. "ನಮಗೇನು ಅವಸರ ಇಲ್ಲ."

ಅವಳು ಅಳುತ್ತಲೇ ತಿಂದಳು. ಆಮೇಲೆ ಎಲ್ಲರೂ ಹೊರಟರು. ಉಳಿದ ದಿನಗಳಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಒಂದು ಏರಿನಲ್ಲಿ ಕಲಾ ಮತ್ತು ಅನ್ವರಿ ಇಳಿದು ಸೈಕಲ್ ತಳ್ಳಿಕೊಂಡು ನಡೆದರು. ಕಲಾ ಗಂಡನ ವಿಷಯ ಹೇಳಿದರು. ಕೆಲಸದಿಂದ ಬಂದವರು ಬೂಟು ಬಿಚ್ಚಲೂ ಬೇಸರಪಟ್ಟು ಹಾಗೇ ಸೋಫಾದ ಮೇಲೆ ಮಲಗುತ್ತಾರಂತೆ. ಅನ್ವರಿ ಡ್ರೈವ್‌ವೇಯಲ್ಲಿ ಕೂತಿರುವ ಬಶೀರನ ವಿಷಯ ಹೇಳಿದಳು. ಅದನ್ನು ಅವಳು ಅದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ.

ನೂವಾರ್ಕ್ ಏರ್‌ಪೋರ್ಟಿಗೆ ಬಶೀರ್ ಬಂದಿದ್ದ. ಕಾರಿನಲ್ಲಿ ಅವಳು ಕಂಪನಿಯ ಸುದ್ದಿ ಹೇಳಿದಳು. ಅವನು ಟೋಲ್ ಗೇಟು ದಾಟಿ ಕಾರನ್ನು ಬದಿಯ ಸಾಲಿಗೆ ಸರಿಸಿದ.

"ಅಲ್ಲಿಂದಲೇ ಫೋನ್ ಮಾಡಿ ಹೇಳಬಹುದಿತ್ತಲ್ಲ."

"ನಿಮಗೂ ನಿದ್ದೆ ಕೆಡಿಸೋದು ಬೇಡ ಅನ್ನಿಸ್ತು."

"ನನಗೆಲ್ಲಿದೆ ನಿದ್ದೆ," ಎಂದು ಅವನು ನಕ್ಕ. ತುಂಬ ದಿನಗಳ ಮೇಲೆ ಅವನು ನಕ್ಕದ್ದು. ಆ ದಿನ ಮನೆ ಮುಟ್ಟಿದ ಮೇಲೆ ಅವನು ಕಾರಿನಲ್ಲಿ ಕೂರಲಿಲ್ಲ. ಆದರೆ ಆ ಅಭ್ಯಾಸ ಪೂರ್ತಿ ಬಿಟ್ಟುಹೋಗಲು ಇನ್ನೆರಡು ವರ್ಷ ಹಿಡಿಯಿತು.

ಅನ್ವರಿಗೆ ಚಳಿಗಾಲದ ಹೊತ್ತಿಗೆ ವುಡ್‌ಬ್ರಿಡ್ಜ್‌ನ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ದಿನವಿಡೀ ನಿಂತು ಕಾಲು ಊದಿಕೊಳ್ಳುತ್ತಿತ್ತು. ಮರುವರ್ಷ ಬಿಸಿಲು ಬಂದ ಮೇಲೆ ಕಲಾ ಫೋನು ಮಾಡಿದರು. ನ್ಯೂಜೆರ್ಸಿಯಲ್ಲೇ, ಮಟವಾನ್ ಹತ್ತಿರ, ಹಳಿ ಕಿತ್ತ ರೈಲುದಾರಿಯೊಂದಿದೆ, ಅಲ್ಲೂ ಸೈಕಲ್ ತುಳಿಯಬಹುದು ಎಂದರು. ಆಗಿನಿಂದ ರಜೆ ಇದ್ದ ದಿನ ಇಬ್ಬರೂ ಅಲ್ಲಿಗೆ ಹೋಗುತ್ತಿದ್ದರು. ಆ ದಾರಿಗೆ ನಡುನಡುವೆ ರಸ್ತೆಗಳು ಅಡ್ಡ ಬರುತ್ತವೆ. ಇಳಿದು, ಎರಡೂ ಕಡೆ ನೋಡಿ ದಾಟಬೇಕು. ಆಯಾಸವಾದರೆ ಎಲ್ಲೆಂದರಲ್ಲಿ ಕೂತುಬಿಡುತ್ತಿದ್ದರು.