ಯಾರದಪ್ಪಾ ಈ ಬ್ಯಾಗು?

ನಮ್ಮ ಬಸ್ ನಿಲ್ದಾಣದ ಕಾವಲುಗಾರನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವನು ‘ಯಾರದಪ್ಪಾ’. ಬೆಂಚಿನ ಮೇಲೆ ಒಂಟಿ ಬ್ಯಾಗು ಕಂಡರೆ ಸಾಕು, “ಯಾರದಪ್ಪಾ ಇದು? ಮುಟ್ಬೇಡಿ, ದೂರ ಹೋಗಿ!” ಎಂದು ಸೂರು ಹಾರಿಹೋಗುವಂತೆ ಕೂಗುತ್ತಾನೆ. ಬ್ಯಾಗಿನವರು ಶೌಚಾಲಯದಿಂದ ಓಡಿಬಂದು ಬೈದರೂ ಕ್ಯಾರೇ ಅನ್ನುವುದಿಲ್ಲ. ಮದುವೆಮನೆಯಲ್ಲೂ ಉಡುಗೊರೆಯ ಪೊಟ್ಟಣಗಳಿಗೆ ಬೆನ್ನು ಹಾಕಿ ಕೂರುವುದಿಲ್ಲ ಎಂದು ಹೆಂಡತಿ ಗೊಣಗುತ್ತಾಳೆ. ನಾಲ್ಕಾರು ದೇಶಗಳ ಪರಿಣತರು ಸಾರಿಗೆ ಭದ್ರತೆಯ ಪಾಠ ಹೇಳಲು ಬಂದಿದ್ದಾಗ, ಅವರಲ್ಲೊಬ್ಬರು ಕುರ್ಚಿಯ ಮೇಲೆ ಬ್ಯಾಗು ಬಿಟ್ಟು ಕಾಫಿಗೆ ಹೋದರು. ಇವನು ಸಭಾಂಗಣವನ್ನೇ ಖಾಲಿ ಮಾಡಿಸಿಬಿಟ್ಟ. ಮೇಲಧಿಕಾರಿ ಹಲ್ಲು ಕಡಿದರೆ, “ಬೈರಿ ಸಾರ್, ಬೈಯೋಕೆ ಎಲ್ರೂ ಇದ್ದೀರಲ್ಲ, ಅಷ್ಟು ಸಾಕು” ಅಂದ. ಅವನ ಅಣ್ಣನೂ ಒಂದು ಕಾಲದಲ್ಲಿ ಇದೇ ನಿಲ್ದಾಣವನ್ನು ಕಾಯುತ್ತಿದ್ದ. ಇದೇ ಬೆಂಚಿನ ಮೇಲೆ ಒಬ್ಬ ಬಿಟ್ಟುಹೋದ ಬ್ಯಾಗನ್ನು, ಪಾಪ ಮರೆತಿರಬೇಕು ಎಂದುಕೊಂಡು ಎದೆಗವಚಿ ಹಿಡಿದು, “ಸಾರ್, ನಿಮ್ ಬ್ಯಾಗು!” ಎಂದು ಕೂಗುತ್ತ ಅವನ ಹಿಂದೆ ಓಡಿದ್ದ. ಅದು ಸಿಡಿದಾಗಲೂ ಓಡುತ್ತಲೇ ಇದ್ದ.